ಅಟ್ಟ ಸೇರಿದ್ದ ಮೈಕ್ರೋವೇವ್ ಒಲೆ



ವಿಜಯನಗರದಿಂದ ನಮ್ಮ ಓದುಗ ತಾಯಿಯೊಬ್ಬರು ಕಾಗದ ಬರೆದಿದ್ದಾರೆ. ಅವರ ಮಗ ಗೃಹಪ್ರವೇಶದ ಸಮಯದಲ್ಲಿ ಮೈಕ್ರೋವೇವ್ ಒಲೆಯೊಂದನ್ನು ತಂದುಕೊಟ್ಟನಂತೆ. ಮೂರು ತಿಂಗಳು ಕಳೆದರೂ ಪೆಟ್ಟಿಗೆಯ ದಾರವನ್ನು ಸಹ ಬಿಚ್ಚಿಲ್ಲ. ಅದರಲ್ಲಿ ಬೇಯಿಸಿದ ಪದಾರ್ಥ ವಿಷವಾಗುತ್ತದೆಂದು ನೆರೆಮನೆಯವರು ಹೇಳಿದರಂತೆ. ಸತ್ತ್ವವೆಲ್ಲ ಸುಟ್ಟುಹೋಗುತ್ತದೆಂದು ಬೀಗಿತ್ತಿ ಹೇಳಿದರಂತೆ. ಅಂತಹುದೇನೂ ಇಲ್ಲ, ಗುಂಡಿ ಒತ್ತಿದರೆ ಸಾಕು, ಉಳಿದುದನ್ನೆಲ್ಲ ಅದೇ ನೋಡಿಕೊಳ್ಳುತ್ತದೆಂದು ಮಗ ನಗುತ್ತಾನಂತೆ. "ಯಾರ ಮಾತನ್ನು ನಂಬಲಿ? ಬಳಸಲೋ, ಹಿಂತಿರುಗಿಸಲೋ?" ಎಂಬುದು ಆ ತಾಯಿಯ ಪ್ರಶ್ನೆ.

ಈ ಮೂವರ ಮಾತೂ ಪೂರ್ಣ ಸತ್ಯವಲ್ಲ. ನಮ್ಮ ಅಭಿಪ್ರಾಯದಲ್ಲಿ ಮೂವರಲ್ಲಿ ಹೆಚ್ಚು ಅಪಾಯಕಾರಿಯಾದುದು ಮಗನ ಮಾತು. ಹೀಗೆ ಹೇಳಲು ಕಾರಣವಿದೆ. ನಮ್ಮ ಮನೆಯಲ್ಲಿಯೂ ಈ ಒಲೆ ಎಂಟು ತಿಂಗಳ ಕಾಲ ಅಟ್ಟದ ಮೇಲೆ ಅಜ್ಞಾತವಾಸ ಅನುಭವಿಸಿ ಬಂದಿದೆ. ಆ ಪ್ರಸಂಗವನ್ನು ಮುಚ್ಚುಮರೆಯಿಲ್ಲದೆ ನಿವೇದಿಸುತ್ತೇವೆ.

ಬಸವೇಶ್ವರನಗರದ ನಮ್ಮ ಮನೆಯಲ್ಲಿ ಅಂದು ಶ್ರಾವಣದ ಕೊನೆಯ ಸೋಮವಾರ. ನಲವತ್ತು ಮಂದಿ ಬರುವರೆಂದು ಅಡುಗೆ ಮಾಡಿದ್ದೆವು. ಮಳೆ ಹಿಡಿದುಕೊಂಡದ್ದರಿಂದ ಕೆಂಗೇರಿಯ ಕಡೆಯ ನೆಂಟರು ಬರಲಿಲ್ಲ. ದೊಡ್ಡ ತಪ್ಪಲೆಯಲ್ಲಿ ಅರ್ಧದಷ್ಟು ಅನ್ನ ಉಳಿಯಿತು. ಪ್ರಸಾದವನ್ನು ಚೆಲ್ಲುವ ಪದ್ಧತಿ ನಮ್ಮ ಮನೆತನಗಳಲ್ಲಿಲ್ಲ. ಒಂದು ಅಗುಳು ನೆಲಕ್ಕೆ ಬಿದ್ದರೆ ಕಣ್ಣಿಗೊತ್ತಿಕೊಂಡು ಎತ್ತಿಡುವವರು ನಮ್ಮ ಅತ್ತೆಯವರು. ಆದುದರಿಂದ ತಪ್ಪಲೆಯ ಮೇಲೆ ತಟ್ಟೆ ಮುಚ್ಚಿ, ಅಡುಗೆಮನೆಯ ಕಟ್ಟೆಯ ಮೇಲೆಯೇ ಬಿಟ್ಟೆವು. ರಾತ್ರಿ ಒಂಬತ್ತು ಗಂಟೆಗೆ ಒಂದು ಗಾಜಿನ ಬೋಗುಣಿಯಷ್ಟು ಅನ್ನವನ್ನು ಮೈಕ್ರೋವೇವ್ ಒಲೆಯಲ್ಲಿಟ್ಟು ಎರಡು ನಿಮಿಷ ಬಿಸಿ ಮಾಡಿದೆವು. ಹಬೆಯಾಡುತ್ತಿತ್ತು. ಅತ್ತೆಯವರು ಸಾರಿನೊಂದಿಗೆ ಸಂತೋಷವಾಗಿಯೇ ಊಟ ಮಾಡಿದರು. ಹನ್ನೊಂದೂವರೆಗೆ ವಾಂತಿ ಆರಂಭವಾಯಿತು. ಎಪ್ಪತ್ತಾರು ವರ್ಷದ ಜೀವ. ಒಂದು ಗಂಟೆಯೊಳಗೆ ಕಣ್ಣು ಗುಳಿಬಿದ್ದು, ಕೈಕಾಲು ತಣ್ಣಗಾದವು. ಆಟೋ ಹುಡುಕಿ ಸಮೀಪದ ನರ್ಸಿಂಗ್ ಹೋಮಿಗೆ ಸೇರಿಸಿದಾಗ ರಾತ್ರಿ ಒಂದು ಗಂಟೆ. ಮೂರು ಬಾಟಲಿ ಗ್ಲುಕೋಸ್ ಏರಿಸಬೇಕಾಯಿತು.

ಮರುದಿನ ಸ್ವಲ್ಪ ಚೇತರಿಸಿಕೊಂಡ ಅತ್ತೆಯವರು ಆಡಿದ ಮೊದಲ ಮಾತು: "ಆ ಯಂತ್ರದಾಗೆ ಬಿಸಿ ಮಾಡಿದ್ದೇ ತಪ್ಪಾತು ನೋಡವ್ವ." ನಮಗೂ ಹಾಗೆಯೇ ತೋರಿತು. ಆದರೆ ವೈದ್ಯರು ಯಂತ್ರದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. "ಅನ್ನ ಮಾಡಿದ್ದು ಯಾವಾಗ ತಾಯಿ? ಎಲ್ಲಿ ಇಟ್ಟಿದ್ದಿರಿ?" ಎಂದಷ್ಟೇ ಕೇಳಿದರು. ಹೇಳಿದೆವು. ಅವರು ತಲೆಯಾಡಿಸಿದರು. ಆ ಹೊತ್ತಿನಲ್ಲಿ ನಮಗೆ ಅದರ ಅರ್ಥ ಆಗಲಿಲ್ಲ. ಮನೆಗೆ ಬಂದವರೇ ಒಲೆಯನ್ನು ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೇರಿಸಿದೆವು.

ಆಮೇಲೆ ಓದಿ, ಕೇಳಿ ತಿಳಿದುಕೊಂಡುದು ಇಷ್ಟು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಅಣುಜೀವಿಯ ಬೀಜಕಣಗಳು ಸಹಜವಾಗಿಯೇ ಇರುತ್ತವೆ. ಅವು ಮಣ್ಣಿನಿಂದ ಬಂದವು. ಅನ್ನ ಬೇಯುವಾಗಿನ ಕಾವಿಗೆ ಈ ಬೀಜಕಣಗಳು ಸಾಯುವುದಿಲ್ಲ. ಅನ್ನ ಬಿಸಿಯಾಗಿರುವ ತನಕ ಸುಮ್ಮನಿರುತ್ತವೆ. ಉಗುರುಬೆಚ್ಚಗಾಗುತ್ತಲೇ ಮೊಳೆತು ವೃದ್ಧಿಯಾಗಲು ಆರಂಭಿಸುತ್ತವೆ. ದೊಡ್ಡ ತಪ್ಪಲೆಯಲ್ಲಿ ಒತ್ತಾಗಿ ತುಂಬಿ, ಮೇಲೆ ತಟ್ಟೆ ಮುಚ್ಚಿದ ಅನ್ನದ ನಡುಭಾಗ ಗಂಟೆಗಟ್ಟಲೆ ಉಗುರುಬೆಚ್ಚಗೆಯೇ ಇರುತ್ತದೆಯಲ್ಲವೇ? ಅಣುಜೀವಿಗೆ ಅದಕ್ಕಿಂತ ಹದವಾದ ತೊಟ್ಟಿಲು ಬೇರೆ ಬೇಕಿಲ್ಲ. ಹೀಗೆ ಬೆಳೆಯುವಾಗ ಅದು ಒಂದು ಬಗೆಯ ನಂಜನ್ನು ಅನ್ನದಲ್ಲಿ ಬಿಡುತ್ತದೆ. ಆ ನಂಜಿಗೆ ರುಚಿಯಿಲ್ಲ, ವಾಸನೆಯಿಲ್ಲ. ಪುನಃ ಕಾಯಿಸಿದರೆ ಅಣುಜೀವಿ ಸಾಯಬಹುದು, ನಂಜು ಸಾಯದು. ಮೈಕ್ರೋವೇವ್ ಒಲೆಯಲ್ಲಿ ಕಾಯಿಸಿದರೂ ಅಷ್ಟೇ, ಗ್ಯಾಸಿನ ಮೇಲೆ ಕಾಯಿಸಿದರೂ ಅಷ್ಟೇ, ಒಗ್ಗರಣೆ ಹಾಕಿ ಚಿತ್ರಾನ್ನ ಕಲಸಿದರೂ ಅಷ್ಟೇ. ಊಟವಾದ ಒಂದರಿಂದ ಆರು ಗಂಟೆಯೊಳಗೆ ವಾಂತಿ ಕಾಣಿಸಿಕೊಳ್ಳುವುದು ಇದರ ಲಕ್ಷಣ. 1970ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಚೀನೀ ಭೋಜನಗೃಹಗಳಲ್ಲಿ ಹುರಿದ ಅನ್ನ ತಿಂದವರಿಗೆ ಹೀಗೆಯೇ ಆಗುತ್ತಿದ್ದುದನ್ನು ಅಲ್ಲಿಯ ಆರೋಗ್ಯಾಧಿಕಾರಿಗಳು ಪತ್ತೆ ಹಚ್ಚಿದರು. ಅಲ್ಲಿಯೂ ಕಾರಣ ಒಂದೇ: ಮುಂಚಿತವಾಗಿ ಬೇಯಿಸಿ, ಅಡುಗೆಮನೆಯಲ್ಲಿ ಹಾಗೆಯೇ ಇಟ್ಟಿದ್ದ ಅನ್ನ.

ಅಂದರೆ ನಮ್ಮ ಅತ್ತೆಯವರನ್ನು ಮಲಗಿಸಿದುದು ಒಲೆಯ ಎರಡು ನಿಮಿಷವಲ್ಲ, ಕಟ್ಟೆಯ ಮೇಲಿನ ಎಂಟು ಗಂಟೆ. ತಪ್ಪು ನಮ್ಮದು, ಶಿಕ್ಷೆ ಯಂತ್ರಕ್ಕೆ. ಆದರೂ ಯಂತ್ರಕ್ಕೆ ಪೂರ್ತಿ ಕ್ಷಮೆ ನೀಡಲಾಗದು. ಬಿಸಿ ಮಾಡಿದರೆ ಎಲ್ಲ ಸರಿಹೋಗುತ್ತದೆಂಬ ಭ್ರಮೆಯನ್ನು ಹುಟ್ಟಿಸುವುದು ಅದೇ. ಅಷ್ಟು ಸುಲಭವಾಗಿ ಹಬೆಯಾಡುವ ಅನ್ನ ಕೈಗೆ ಸಿಗದಿದ್ದರೆ ಆ ರಾತ್ರಿ ನಾವು ಬಹುಶಃ ಹಿಡಿಯಷ್ಟು ಹೊಸ ಅನ್ನವನ್ನೇ ಮಾಡುತ್ತಿದ್ದೆವು.

ನಮ್ಮ ಹಿರಿಯರು ತಂಗಳನ್ನ ತಿಂದೇ ಗಟ್ಟಿಯಾಗಿರಲಿಲ್ಲವೇ ಎಂದು ಕೆಲವರು ಕೇಳಬಹುದು. ಅತ್ತೆಯವರೂ ಕೇಳಿದರು. ಅವರ ಕಾಲದ ತಂಗಳನ್ನಕ್ಕೆ ರಾತ್ರಿಯೇ ಮಜ್ಜಿಗೆ ಬೀಳುತ್ತಿತ್ತು. ಹುಳಿ ಈ ಅಣುಜೀವಿಗಳಿಗೆ ಆಗದು. ನಾವು ಇಟ್ಟದ್ದು ಬರಿಯ ಅನ್ನ. ಅಲ್ಲದೆ ಅಂದಿನ ಮನೆಗಳಲ್ಲಿ ರಾತ್ರಿ ಮಿಗುತ್ತಿದ್ದುದೇ ಒಂದು ಹಿಡಿ. ಇಪ್ಪತ್ತು ಜನರ ಅನ್ನ ತಪ್ಪಲೆಯಲ್ಲಿ ಕುಳಿತಿರುತ್ತಿರಲಿಲ್ಲ.

ಪ್ರಸಾದವನ್ನು ಚೆಲ್ಲಬೇಡಿರೆಂದೇ ನಾವೂ ಹೇಳುತ್ತೇವೆ. ಆದರೆ ಉಳಿದ ಅನ್ನದ ಯೋಗಕ್ಷೇಮ ರಾತ್ರಿಯ ಊಟದ ಹೊತ್ತಿಗಲ್ಲ, ಮಧ್ಯಾಹ್ನ ಎಲೆ ಎತ್ತಿದ ಕೂಡಲೇ ಆರಂಭವಾಗಬೇಕು. ಚಿತ್ರಾನ್ನಕ್ಕೆ ಆರಹಾಕುವಂತೆ ಅಗಲವಾದ ಪರಾತಗಳಲ್ಲಿ ಅನ್ನವನ್ನು ತೆಳುವಾಗಿ ಹರಡಬೇಕು. ಬೇಗ ಆರುತ್ತದೆ. ಆರಿದ ಮೇಲೆ ಸಣ್ಣ ಸಣ್ಣ ಡಬ್ಬಿಗಳಲ್ಲಿ ತುಂಬಿ ಫ್ರಿಜ್ಜಿನಲ್ಲಿಡಬೇಕು. ಬೇಯಿಸಿದ ಎರಡು ಗಂಟೆಯೊಳಗೆ ಇಷ್ಟೂ ಮುಗಿಯಬೇಕು; ಏಪ್ರಿಲ್ ಮೇ ತಿಂಗಳ ಸೆಕೆಯಲ್ಲಿ ಒಂದೇ ಗಂಟೆ ಎಂದಿಟ್ಟುಕೊಳ್ಳಿ. ಮರುದಿನದೊಳಗೆ ಉಣ್ಣಬೇಕು. ಒಮ್ಮೆ ಬಿಸಿ ಮಾಡಿದುದನ್ನು ಪುನಃ ಫ್ರಿಜ್ಜಿಗೆ, ಪುನಃ ಒಲೆಗೆ ಎಂದು ಓಡಾಡಿಸಬಾರದು. 5 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗೆ ಅಥವಾ 60 ಡಿಗ್ರಿಗಿಂತ ಬಿಸಿಯಾಗಿ ಆಹಾರವನ್ನು ಇಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇವೆರಡರ ನಡುವಿನ ಅವಧಿ ಎಷ್ಟು ಕಡಿಮೆಯಾದರೆ ಅಷ್ಟು ಕ್ಷೇಮ. ಇನ್ನು ಅಷ್ಟೊಂದು ಉಳಿದಾಗ ಮಧ್ಯಾಹ್ನವೇ ನೆರೆಹೊರೆಯವರಿಗೆ ಹಂಚಿಬಿಡುವುದು ಎಲ್ಲಕ್ಕಿಂತ ಒಳ್ಳೆಯದು. ಆ ದಿನ ನಮಗೆ ಅದು ಹೊಳೆಯಲಿಲ್ಲ.

ಈಗ ಒಲೆಯ ವಿಚಾರಕ್ಕೆ ಬರೋಣ. ಅದರ ಒಳಗೆ ಬೆಂಕಿಯಿಲ್ಲ, ಕೆಂಡವಿಲ್ಲ. ಹಾಗಿದ್ದರೆ ಬೇಯಿಸುವುದು ಯಾವುದು?

ಇದರ ಹುಟ್ಟು ಅಡುಗೆಮನೆಯದಲ್ಲ, ಯುದ್ಧರಂಗದ್ದು. ಶತ್ರುವಿಮಾನಗಳನ್ನು ಪತ್ತೆಹಚ್ಚುವ ರೇಡಾರಿಗಾಗಿ 1940ರಲ್ಲಿ ಇಂಗ್ಲೆಂಡಿನಲ್ಲಿ ರೂಪುಗೊಂಡ ಮ್ಯಾಗ್ನೆಟ್ರಾನ್ ಎಂಬ ಕೊಳವೆಯೇ ಇದರ ಹೃದಯ. ಅಮೆರಿಕದ ರೇಥಿಯಾನ್ ಕಂಪನಿಯಲ್ಲಿ ಇದೇ ಕೊಳವೆಗಳ ಕೆಲಸ ನೋಡಿಕೊಳ್ಳುತ್ತಿದ್ದ ಪರ್ಸಿ ಸ್ಪೆನ್ಸರ್, ಅದರ ಮುಂದೆ ನಿಂತಿದ್ದಾಗ ತನ್ನ ಜೇಬಿನಲ್ಲಿದ್ದ ಮಿಠಾಯಿ ಕರಗಿದುದನ್ನು ಗಮನಿಸಿದನೆಂದು ಹೇಳುತ್ತಾರೆ. ಶಾಲೆಯ ಮೆಟ್ಟಿಲನ್ನು ಪೂರ್ತಿ ಏರದ ಆ ಮನುಷ್ಯ 1945ರಲ್ಲಿಯೇ ಪೇಟೆಂಟಿಗೆ ಅರ್ಜಿ ಹಾಕಿದ. 1947ರ ಮೊದಲ ಒಲೆ ಆಳೆತ್ತರವಾಗಿದ್ದು, 300 ಕಿಲೋಗ್ರಾಮಿಗೂ ಮೀರಿ ತೂಗುತ್ತಿತ್ತು. ಅಡುಗೆಕಟ್ಟೆಯ ಮೇಲೆ ಕೂರುವಷ್ಟು ಚಿಕ್ಕದಾಗಿ ಅದು ಮನೆಗಳನ್ನು ಪ್ರವೇಶಿಸಿದುದು 1967ರ ನಂತರ.

ಇದೇನೋ ಪರದೇಶದ ಮಾಯೆಯೆಂದು ಬೆರಗಾಗಬೇಕಾಗಿಲ್ಲ. ರಾಜಾಜಿನಗರದಿಂದ ಸ್ವಲ್ಪವೇ ದೂರದ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ರೇಡಾರುಗಳನ್ನೂ ಅವುಗಳಿಗೆ ಬೇಕಾದ ಮ್ಯಾಗ್ನೆಟ್ರಾನುಗಳನ್ನೂ ತಯಾರಿಸಿದೆ. ನಮ್ಮ ಈ ಭಾಗದ ಎಷ್ಟೋ ಮನೆಗಳ ಯಜಮಾನರು ದಿನವೂ ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಅಲ್ಲಿಗೇ ಹೋಗಿಬರುತ್ತಿದ್ದರು. ಮತ್ತೊಂದು ಸಂಗತಿಯನ್ನು ಸೋದರಿಯರು ವಿಶೇಷವಾಗಿ ತಿಳಿಯಬೇಕು. ನಮ್ಮ ನಾಡಿನಲ್ಲಿ ಮೈಕ್ರೋವೇವ್ ತರಂಗಗಳ ವಿದ್ಯೆಗೆ ಅಡಿಪಾಯ ಹಾಕಿದವರಲ್ಲಿ ಒಬ್ಬರು ಕರ್ನಾಟಕದ ಹೆಣ್ಣುಮಗಳು. 1922ರಲ್ಲಿ ಜನಿಸಿದ ರಾಜೇಶ್ವರಿ ಚಟರ್ಜಿಯವರು ಬೆಂಗಳೂರಿನಲ್ಲಿ ಗಣಿತ ಓದಿ, ವಿದ್ಯಾರ್ಥಿವೇತನದ ಮೇಲೆ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋಗಿ ಡಾಕ್ಟರೇಟ್ ಪಡೆದು, 1953ರಲ್ಲಿ ಇಲ್ಲಿಯ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ಪತಿ ಶಿಶಿರ್ ಕುಮಾರ್ ಚಟರ್ಜಿಯವರೊಡನೆ ಅಲ್ಲಿ ಮೈಕ್ರೋವೇವ್ ಸಂಶೋಧನೆಯನ್ನು ಕಟ್ಟಿ ಬೆಳೆಸಿ, 1982ರಲ್ಲಿ ನಿವೃತ್ತರಾದರು, 2010ರಲ್ಲಿ ತೀರಿಕೊಂಡರು. ಅವರ ಕೆಲಸ ಒಲೆಯದಲ್ಲ, ಆಂಟೆನಾಗಳದು. ಆದರೆ ತರಂಗ ಅದೇ ಕುಲದ್ದು. ಅದಕ್ಕೆ ಅಂಜಿ ಪೆಟ್ಟಿಗೆ ಬಿಚ್ಚದೆ ಕುಳಿತ ನಾವು ಆ ತಾಯಿಯನ್ನು ನೆನೆದರೆ ಸ್ವಲ್ಪ ನಾಚಿಕೆಯಾಗುತ್ತದೆ.

ಒಲೆಯಲ್ಲಿ ಈ ತರಂಗ ಸೆಕೆಂಡಿಗೆ ಸುಮಾರು 245 ಕೋಟಿ ಬಾರಿ ಅತ್ತಿತ್ತ ತುಯ್ಯುತ್ತದೆ. ಪದಾರ್ಥದೊಳಗಿನ ನೀರಿನ ಕಣಗಳು ಅದರೊಡನೆ ಹೊರಳಲು ಯತ್ನಿಸುತ್ತ, ಒಂದನ್ನೊಂದು ತಾಕಿ ಬಿಸಿಯಾಗುತ್ತವೆ. ಬೇಯಿಸುವುದು ಆ ಬಿಸಿಯೇ. ಸೂರ್ಯನ ಕಿರಣ ಮೈಯನ್ನು ಬೆಚ್ಚಗಾಗಿಸಿ ಹೋಗುವಂತೆ ತರಂಗವು ಶಾಖವಾಗಿ ಮುಗಿದುಹೋಗುತ್ತದೆ, ಅನ್ನದಲ್ಲಿ ಉಳಿದುಕೊಳ್ಳುವುದಿಲ್ಲ. ಬಾಗಿಲು ತೆರೆದ ಕ್ಷಣವೇ ನಿಂತುಬಿಡುತ್ತದೆ. ಬಾಗಿಲಿನ ಗಾಜಿನಲ್ಲಿ ಕಾಣುವ ಸಣ್ಣ ರಂಧ್ರಗಳ ಲೋಹದ ಜಾಲರಿಯಿಂದ, 12 ಸೆಂಟಿಮೀಟರಿನಷ್ಟು ಉದ್ದವಾದ ಈ ತರಂಗ ತೂರಿಬರಲಾರದು. ಬೆಳಕು ಮಾತ್ರ ಬರುತ್ತದೆ. ಆದರೆ ಬಾಗಿಲು ಸೊಟ್ಟಗಾಗಿದ್ದರೆ, ಬಿಗಿಯಾಗಿ ಮುಚ್ಚದಿದ್ದರೆ, ಅಂಚಿನಲ್ಲಿ ಜಿಡ್ಡು ಗಟ್ಟಿಕೊಂಡಿದ್ದರೆ ಬಳಸತಕ್ಕುದಲ್ಲ. ಸತ್ತ್ವ ಸುಟ್ಟುಹೋಗುತ್ತದೆಂಬ ಬೀಗಿತ್ತಿಯವರ ಮಾತಿಗೆ ಉತ್ತರ: ಹುರುಳಿಕಾಯಿಯನ್ನು ಸೇರು ನೀರಿನಲ್ಲಿ ಕುದಿಸಿ ಆ ನೀರನ್ನು ಬಸಿದು ಚೆಲ್ಲುವುದಕ್ಕಿಂತ, ಈ ಒಲೆಯಲ್ಲಿ ಎರಡು ಚಮಚ ನೀರು ಚಿಮುಕಿಸಿ ಮುಚ್ಚಿ ಬೇಯಿಸಿದರೆ ಸಿ ಜೀವಸತ್ತ್ವ ಹೆಚ್ಚು ಉಳಿಯುತ್ತದೆ.

ಇನ್ನು ಮಗನ ಮಾತು. ಗುಂಡಿ ಒತ್ತಿದರೆ ಸಾಕೇ? ಸಾಲದು. ಈ ತರಂಗ ಪದಾರ್ಥದೊಳಕ್ಕೆ ಇಳಿಯುವುದು ಎರಡು ಮೂರು ಸೆಂಟಿಮೀಟರಿನಷ್ಟೇ, ಅಂದರೆ ಸುಮಾರು ಒಂದು ಅಂಗುಲ. ಅದಕ್ಕಿಂತ ಒಳಗಿನ ಭಾಗ ಹೊರಗಿನ ಕಾವು ನಿಧಾನವಾಗಿ ಸಾಗಿಬರುವ ತನಕ ಕಾಯಬೇಕು. ಜೊತೆಗೆ ಪೆಟ್ಟಿಗೆಯೊಳಗೆ ತರಂಗಗಳು ಗೋಡೆಗೆ ಬಡಿದು ಹಿಂತಿರುಗುವಾಗ ಒಂದೆಡೆ ಒಟ್ಟುಗೂಡುತ್ತವೆ, ಮತ್ತೊಂದೆಡೆ ಇಲ್ಲವಾಗುತ್ತವೆ. ತಟ್ಟೆಯನ್ನು ತಿರುಗಿಸುತ್ತಿರುವುದು ಇದೇ ಕಾರಣಕ್ಕೆ. ಆದರೂ ಬೋಗುಣಿಯ ಅಂಚು ಕೊತಕೊತನೆ ಕುದಿಯುವಾಗ ನಡುವೆ ತಣ್ಣಗಿರುವುದುಂಟು. ಮುದ್ದೆಯನ್ನು ಬಿಸಿ ಮಾಡಿ ಮುರಿದು ನೋಡಿದವರಿಗೆ ಇದು ಗೊತ್ತು: ಹೊರಗೆ ಕೈ ಸುಡುತ್ತದೆ, ಒಳಗೆ ಫ್ರಿಜ್ಜಿನ ಚಳಿ.

ಆ ತಣ್ಣಗಿನ ನಡುಭಾಗದಲ್ಲಿಯೇ ರೋಗ ಕುಳಿತಿರುತ್ತದೆ. ಆದುದರಿಂದ ಈ ಒಲೆಯ ವಿದ್ಯೆಯೆಲ್ಲ ಅಂಚಿನ ಬಿಸಿಯನ್ನು ನಡುವಿಗೆ ತಲುಪಿಸುವ ವಿದ್ಯೆ. ಪದಾರ್ಥವನ್ನು ಗೋಪುರದಂತೆ ಪೇರಿಸದೆ ಅಗಲವಾಗಿ ಹರಡಬೇಕು. ಇಡ್ಲಿ, ಕಡುಬು, ಆಲೂಗೆಡ್ಡೆಗಳನ್ನು ಕೋಡುಬಳೆಯಂತೆ ದುಂಡಗೆ ಜೋಡಿಸಿ, ಮಧ್ಯೆ ಖಾಲಿ ಬಿಟ್ಟರೆ ಎಲ್ಲವೂ ಸಮನಾಗಿ ಕಾಯುತ್ತವೆ. ಸಾರು, ಪಲ್ಯ, ಅನ್ನಗಳನ್ನು ಅರ್ಧ ಸಮಯ ಕಳೆದ ಮೇಲೆ ಹೊರತೆಗೆದು, ಅಂಚಿನದು ನಡುವಿಗೆ ಬರುವಂತೆ ಕಲಸಿ ಪುನಃ ಇಡಬೇಕು. ಮೇಲೆ ಮುಚ್ಚಿರಬೇಕು; ಹಬೆ ಒಳಗೇ ಸುತ್ತಿ ಎಲ್ಲ ಕಡೆಗೂ ಕಾವು ಮುಟ್ಟಿಸುತ್ತದೆ. ಬಾಳೆಲೆಯ ತುಂಡು ಇದಕ್ಕೆ ಬಹಳ ಹದವಾದ ಮುಚ್ಚಳವೆಂಬುದು ನಮ್ಮ ಅನುಭವ. ಒಲೆ ಗಂಟೆ ಬಾರಿಸಿದ ಮೇಲೂ ಎರಡು ಮೂರು ನಿಮಿಷ ಮುಚ್ಚಿದಂತೆಯೇ ಬಿಡಬೇಕು. ಅನೇಕರು ಇದನ್ನು ವ್ಯರ್ಥ ಕಾಲವೆಂದು ತಿಳಿಯುತ್ತಾರೆ. ಅದೂ ಬೇಯುವ ಕಾಲವೇ. ಅನ್ನವನ್ನು ಒಲೆಯಿಂದಿಳಿಸಿ ಇಂಗಲು ಬಿಡುವುದಿಲ್ಲವೇ, ಹಾಗೆ. ನಡುವಿನಲ್ಲಿ ಚಮಚ ಇಟ್ಟು ತೆಗೆದರೆ ಅದು ಹಬೆಯಾಡುವಷ್ಟು ಬಿಸಿಯಾಗಿರಬೇಕು. 74 ಡಿಗ್ರಿ ತಲುಪಬೇಕೆಂಬುದು ಬಲ್ಲವರ ಲೆಕ್ಕ.

ಹಸುಗೂಸಿನ ಹಾಲಿನ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಬಾಟಲಿಯನ್ನು ಈ ಒಲೆಯಲ್ಲಿಡಬೇಡಿ. ಹೊರಗಿನ ಬಾಟಲಿ ಉಗುರುಬೆಚ್ಚಗಿದ್ದರೂ ಒಳಗೆ ಒಂದೆಡೆ ಹಾಲು ಕುದಿಯುವಷ್ಟು ಬಿಸಿಯಿರುತ್ತದೆ. ಮಗುವಿನ ಬಾಯಿ, ಗಂಟಲು ಸುಟ್ಟ ಪ್ರಸಂಗಗಳುಂಟು. ಸ್ಟೀಲಿನ ಪಾತ್ರೆಯಲ್ಲಿ ಬಿಸಿನೀರಿಟ್ಟು ಅದರೊಳಗೆ ಬಾಟಲಿಯನ್ನು ನಿಲ್ಲಿಸುವ ನಮ್ಮ ತಾಯಂದಿರ ಕ್ರಮವೇ ಸರಿ. ಇದರಲ್ಲಿ ರಾಜಿಯಿಲ್ಲ.

ದೊಡ್ಡವರ ಕಾಫಿಯ ನೀರೂ ಒಮ್ಮೊಮ್ಮೆ ಮೋಸ ಮಾಡುತ್ತದೆ. ನುಣುಪಾದ ಹೊಸ ಲೋಟದಲ್ಲಿ ಬರಿಯ ನೀರನ್ನು ಬಹಳ ಹೊತ್ತು ಕಾಯಿಸಿದರೆ, ಅದು 100 ಡಿಗ್ರಿ ದಾಟಿಯೂ ಗುಳ್ಳೆಯೇಳದೆ ಶಾಂತವಾಗಿ ಕುಳಿತಿರುತ್ತದೆ. ಹೊರತೆಗೆದು ಕಾಫಿಪುಡಿಯನ್ನೋ ಸಕ್ಕರೆಯನ್ನೋ ಹಾಕಿದ ಕೂಡಲೇ ಒಮ್ಮೆಲೇ ಉಕ್ಕಿ ಮುಖಕ್ಕೇ ಚಿಮ್ಮುತ್ತದೆ. ಮೊದಲೇ ಒಂದು ಮರದ ಚಮಚವನ್ನು ನೀರಿನಲ್ಲಿ ನಿಲ್ಲಿಸಿದರೆ, ಆದ ಮೇಲೆ ಅರ್ಧ ನಿಮಿಷ ಒಳಗೇ ಬಿಟ್ಟರೆ ಈ ಭಯವಿಲ್ಲ.

ಪಾತ್ರೆಯ ವಿಚಾರದಲ್ಲಿ ನಮ್ಮ ಮನೆಗಳಿಗೆ ಸ್ವಲ್ಪ ತೊಂದರೆಯೇ. ನಮ್ಮದೆಲ್ಲ ಸ್ಟೀಲು, ಹಿತ್ತಾಳೆ, ತಾಮ್ರಗಳ ಸಂಸಾರ. ಮದುವೆಯಲ್ಲಿ ಬಂದ ಡಬ್ಬಿ, ತಟ್ಟೆಗಳ ಮೇಲೆ ಹೆಸರು ಕೆತ್ತಿಸಿಕೊಂಡವರು ನಾವು. ಲೋಹವು ಈ ತರಂಗವನ್ನು ಹಿಂದಕ್ಕೆಸೆಯುತ್ತದೆ. ಸ್ಟೀಲು ಡಬ್ಬಿಯೊಳಗಿನ ಅನ್ನ ತಣ್ಣಗೆಯೇ ಉಳಿಯುತ್ತದೆ. ಚಮಚ, ಫೋರ್ಕು, ಅಲ್ಯೂಮಿನಿಯಂ ಹಾಳೆಗಳ ಮೊನೆಗಳಲ್ಲಿ ಕಿಡಿ ಹಾರುತ್ತದೆ. ಅಂಚಿನಲ್ಲಿ ಚಿನ್ನದ ಗೆರೆಯೆಳೆದ ಪಿಂಗಾಣಿ ಬಟ್ಟಲೂ ಕಿಡಿಯುಗುಳುತ್ತದೆ. ನಮ್ಮ ಮನೆಯಲ್ಲಿ ಅಂತಹ ಒಂದು ಜೊತೆ ಹಾಳಾಯಿತು. ಶಾಖ ತಡೆಯುವ ಗಾಜು ಅಥವಾ ಗೆರೆಯಿಲ್ಲದ ಸಾದಾ ಪಿಂಗಾಣಿ ಉತ್ತಮ. ಸಂದೇಹವಿದ್ದರೆ ಪರೀಕ್ಷೆಯೊಂದಿದೆ. ಲೋಹವಿಲ್ಲದ ಖಾಲಿ ಪಾತ್ರೆಯನ್ನು ಒಲೆಯಲ್ಲಿಟ್ಟು, ಅದರ ಪಕ್ಕದಲ್ಲಿ ಒಂದು ಗಾಜಿನ ಲೋಟ ನೀರಿಟ್ಟು ಒಂದು ನಿಮಿಷ ನಡೆಸಿ. ನೀರು ಬಿಸಿಯಾಗಿ ಪಾತ್ರೆ ತಣ್ಣಗಿದ್ದರೆ ಬಳಸಬಹುದು. ಪಾತ್ರೆಯೇ ಸುಡುತ್ತಿದ್ದರೆ ಬೇಡ. ಐಸ್‌ಕ್ರೀಮ್ ಡಬ್ಬಿ, ಹೋಟೆಲಿನಿಂದ ಸಾರು ತಂದ ಪ್ಲಾಸ್ಟಿಕ್ ಚೀಲ, ಮೆಲಮೈನ್ ತಟ್ಟೆ ಇವಾವುವೂ ಸಲ್ಲವು. ಮೈಕ್ರೋವೇವಿಗೆ ಯೋಗ್ಯವೆಂದು ಗುರುತು ಹಾಕಿದ ಪ್ಲಾಸ್ಟಿಕ್ ಮಾತ್ರ ಆಗಬಹುದು. ನಾವಂತೂ ಗಾಜನ್ನೇ ಬಳಸುತ್ತೇವೆ. ದರ್ಶಿನಿಯಿಂದ ವಡೆ ಕಟ್ಟಿಸಿಕೊಂಡು ಬಂದ ವೃತ್ತಪತ್ರಿಕೆಯ ಸಮೇತ ಒಳಗಿಡುವವರನ್ನೂ ಕಂಡಿದ್ದೇವೆ. ಅದರ ಮಸಿ ಹೊಟ್ಟೆಗೆ ಒಳ್ಳೆಯದಲ್ಲ. ಕಾಗದಕ್ಕೆ ಬೆಂಕಿ ಹತ್ತುವ ಸಂಭವವೂ ಇದೆ.

ಇಷ್ಟೆಲ್ಲ ಕಟ್ಟುಪಾಡುಗಳ ನಡುವೆ ಇದರಿಂದ ಪ್ರಯೋಜನವೇನು? ನಮ್ಮ ಅಡುಗೆಗೆ ಒದಗುವುದನ್ನು ಹೇಳುತ್ತೇವೆ. ಹಿಂಡಿಗೆ ಶೇಂಗಾ ಹುರಿಯಲು ಇದಕ್ಕಿಂತ ಸುಲಭೋಪಾಯವಿಲ್ಲ. ಒಂದು ಲೋಟ ಶೇಂಗಾವನ್ನು ಅಗಲವಾದ ಗಾಜಿನ ತಟ್ಟೆಯಲ್ಲಿ ಹರಡಿ, ನಿಮಿಷಕ್ಕೊಮ್ಮೆ ಹೊರತೆಗೆದು ಕದಡುತ್ತ ಮೂರು ನಾಲ್ಕು ನಿಮಿಷ ಇಟ್ಟರೆ ಸಾಕು. ಹೊರತೆಗೆದ ಮೇಲೂ ಒಳಗಿನ ಕಾವಿನಿಂದ ಅದು ಹುರಿಯುತ್ತಲೇ ಇರುತ್ತದೆ. ಇನ್ನೂ ಸ್ವಲ್ಪ ಬೇಕೆನಿಸುವಾಗಲೇ ನಿಲ್ಲಿಸಬೇಕು. ಹೊತ್ತಿದ ವಾಸನೆ ಬಂದ ಮೇಲೆ ನಿಲ್ಲಿಸಿದರೆ ನಡುವೆ ಕಪ್ಪಾಗಿರುತ್ತದೆ. ಹಪ್ಪಳಕ್ಕೆ ಒಂದು ನಿಮಿಷವೂ ಬೇಡ. ಎಣ್ಣೆಯ ಹನಿಯೂ ಬೇಡ. ರಕ್ತದೊತ್ತಡವಿರುವ ಹಿರಿಯರಿಗೆ ಎಣ್ಣೆ ತಪ್ಪಿತು, ಉಪ್ಪು ತಪ್ಪಲಿಲ್ಲ ಎಂಬುದು ನೆನಪಿರಲಿ. ಗೊಜ್ಜಿಗೆ ಬದನೆಕಾಯಿ, ಪಲ್ಯಕ್ಕೆ ಆಲೂಗೆಡ್ಡೆ ಇಡಿಯಾಗಿ ಬೇಯಿಸುವಾಗ ಚಾಕುವಿನ ಮೊನೆಯಿಂದ ನಾಲ್ಕಾರು ಕಡೆ ಚುಚ್ಚಿರಬೇಕು. ಇಲ್ಲವಾದರೆ ಒಳಗಿನ ಹಬೆಗೆ ದಾರಿಯಿಲ್ಲದೆ ಸಿಡಿಯುತ್ತದೆ. ನಮ್ಮ ಬದನೆಕಾಯಿಯೊಂದು ಸಿಡಿದು, ಒಲೆಯ ಒಳಗೋಡೆಯನ್ನು ಒರೆಸಲು ಅರ್ಧ ದಿನ ಹಿಡಿಯಿತು.

ಜೋಳದ ರೊಟ್ಟಿಯನ್ನು ಒದ್ದೆ ಹಿಂಡಿದ ಬಟ್ಟೆಯಲ್ಲಿ ಸುತ್ತಿ 15 ಸೆಕೆಂಡು ಇಟ್ಟರೆ ಮೆತ್ತಗಾಗುತ್ತದೆ. ಆದರೆ ಆ ಕ್ಷಣವೇ ಎಣ್ಣೆಗಾಯಿಯೊಡನೆ ಬಾಯಿಗಿಳಿಯಬೇಕು, ಆರಿದರೆ ಚರ್ಮದಂತಾಗುತ್ತದೆ. ಹೋಳಿಗೆಯ ವಿಷಯದಲ್ಲಿ ಎಚ್ಚರ: ಕಣಕ ಬೆಚ್ಚಗಿದ್ದಾಗಲೇ ಒಳಗಿನ ಬೆಲ್ಲದ ಹೂರಣ ಸುಡುತ್ತಿರುತ್ತದೆ. ಮಕ್ಕಳ ನಾಲಗೆ ಬೊಬ್ಬೆಯೇಳುತ್ತದೆ. ಮುರಿದು, ಆರಿಸಿ ಕೊಡಿ.

ಬೇಳೆ ಬೇಯಿಸಲು ಇದು ಕುಕ್ಕರಿಗೆ ಸಮವಲ್ಲ. ರಾಜ್ಮಾವನ್ನಂತೂ ಇದರಲ್ಲಿ ಅರೆಬೇಯಿಸಲೇಬಾರದು. ಚೆನ್ನಾಗಿ ಕುದಿಯದ ಆ ಕಾಳಿನಲ್ಲಿಯೇ ವಾಂತಿಭೇದಿ ತರುವ ವಸ್ತುವಿದೆ. ಕರಿಯುವುದು ಸರ್ವಥಾ ಕೂಡದು. ಬಿಗಿಮುಚ್ಚಳದ ಶೀಶೆಗಳೂ ಕೂಡದು. ರೊಟ್ಟಿ ಸುಡುವುದು, ದೋಸೆ ಹೊಯ್ಯುವುದು ಇದರಿಂದಾಗದು. ಗ್ರಿಲ್, ಕನ್ವೆಕ್ಷನ್ ಎಂಬ ಸೌಕರ್ಯಗಳಿರುವ ಒಲೆಗಳಲ್ಲಿ ಲೋಹದ ತಟ್ಟೆಯನ್ನು ಯಾವಾಗ ಇಡಬಹುದು, ಯಾವಾಗ ಇಡಬಾರದು ಎಂಬುದು ಬೇರೆಯೇ ಲೆಕ್ಕ. ಜೊತೆಗೆ ಬಂದ ಪುಸ್ತಿಕೆಯನ್ನು ಓದಿಯೇ ನಿರ್ಧರಿಸಬೇಕು.

ವಿದ್ಯುತ್ತಿನ ಬಗ್ಗೆ ಎರಡು ಮಾತು. 800 ವಾಟ್ ಎಂದು ಬರೆದಿದ್ದರೆ ಅದು ಅನ್ನಕ್ಕೆ ಮುಟ್ಟುವ ಲೆಕ್ಕ. ಗೋಡೆಯಿಂದ ಎಳೆಯುವುದು 1200 ವಾಟ್ ಅಥವಾ ಅದಕ್ಕಿಂತ ಹೆಚ್ಚು. ರಾಜಾಜಿನಗರದ ಹಳೆಯ ಮನೆಗಳ ಅಡುಗೆಮನೆಗಳಲ್ಲಿ ಮಿಕ್ಸಿಗೆಂದು ಹಾಕಿಸಿದ ಸಣ್ಣ ಪ್ಲಗ್ಗೊಂದೇ ಇರುತ್ತದೆ. ಅದಕ್ಕೆ ಸಿಕ್ಕಿಸಬೇಡಿ, ಉದ್ದನೆಯ ವೈರಿನ ಪೆಟ್ಟಿಗೆಗೂ ಬೇಡ. ಅರ್ಥಿಂಗ್ ಸರಿಯಿರುವ, ಗೀಸರಿಗೆ ಹಾಕುವಂತಹ ದೊಡ್ಡ ಪ್ಲಗ್ಗನ್ನು ಬಲ್ಲ ಎಲೆಕ್ಟ್ರಿಷಿಯನ್ನರಿಂದ ಪ್ರತ್ಯೇಕವಾಗಿ ಹಾಕಿಸಿ. ಕೆಟ್ಟಾಗ ಮನೆಯ ಗಂಡುಮಕ್ಕಳು ತಿರುಪುಳಿ ಹಿಡಿದು ಮುಂದೆ ಬಂದರೆ ತಡೆಯಿರಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕಪಾಸಿಟರಿನಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ತು ಉಳಿದಿರುತ್ತದೆ. ಒಳಗೆ ಏನೂ ಇಡದೆ ಖಾಲಿ ನಡೆಸುವುದೂ ಸಲ್ಲದು. ಮಕ್ಕಳಿರುವ ಮನೆಯಲ್ಲಿ ಗುಂಡಿಯೊತ್ತುವ ಆಟ ಆಗಾಗ ನಡೆಯುತ್ತದೆ.

ನಮ್ಮ ಒಲೆ ಅಟ್ಟದಿಂದಿಳಿದುದು ಯುಗಾದಿಯ ಶುಚಿಕಾರ್ಯದ ಸಂದರ್ಭದಲ್ಲಿ. ಇಳಿಸಲು ಹೇಳಿದವರು ಅತ್ತೆಯವರೇ. ಶೇಂಗಾ ಹುರಿಯಲು ಕೈ ಸೋಲುತ್ತದೆಂಬುದು ಅವರು ಕೊಟ್ಟ ಕಾರಣ. ಈಗ ಪ್ರತಿ ಶನಿವಾರ ಅವರೇ ನಿಂತು ಹುರಿಯುತ್ತಾರೆ. ಆದರೆ ರಾತ್ರಿ ತಟ್ಟೆಗೆ ಅನ್ನ ಬಡಿಸುವಾಗ, ಹೊಸದೇ ಆಗಿರಲಿ, ಬಿಸಿ ಮಾಡಿದ್ದೇ ಆಗಿರಲಿ, ಕೈಯಡ್ಡ ಹಿಡಿದು ಒಂದು ಮಾತು ಕೇಳದೆ ಬಡಿಸಿಕೊಳ್ಳುವುದಿಲ್ಲ: "ಇದು ಯಾವಾಗ ಮಾಡಿದ್ದವ್ವ?"

ವಿಜಯನಗರದ ತಾಯಿಯವರು ಪೆಟ್ಟಿಗೆಯ ದಾರವನ್ನು ನಿಶ್ಚಿಂತೆಯಿಂದ ಬಿಚ್ಚಲಿ. ಮೊದಲು ಪ್ಲಗ್ ಪರೀಕ್ಷಿಸಿ, ಬಾಗಿಲು ನೆಟ್ಟಗೆ ಮುಚ್ಚುವುದನ್ನು ನೋಡಿ, ಒಂದು ಗಾಜಿನ ಬಟ್ಟಲು ನೀರಿನಲ್ಲಿ ಮರದ ಚಮಚ ನಿಲ್ಲಿಸಿ ಎರಡು ನಿಮಿಷ ಕಾಯಿಸಲಿ. ನಂತರ ಒಂದು ಲೋಟ ಶೇಂಗಾ. ಅನ್ನದ ಸರದಿ ಆಮೇಲೆ ಬರಲಿ. ಮಗನನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡರೆ ಒಳ್ಳೆಯದು.

ಮುಂದಿನ ಸಂಚಿಕೆಯಲ್ಲಿ, ಬೇಸಗೆಯಲ್ಲಿ ಮಾಡಿಟ್ಟ ಸಂಡಿಗೆ ಹಪ್ಪಳಗಳಿಗೆ ಮಳೆಗಾಲದಲ್ಲಿ ಬೂಸಲು ಹಿಡಿಯದಂತೆ ಕಾಪಾಡುವುದು ಹೇಗೆಂಬುದನ್ನು ನೋಡೋಣ. ಅನುಭವಸ್ಥ ತಾಯಂದಿರು ತಮ್ಮ ವಿಧಾನಗಳನ್ನು ಬರೆದು ಕಳುಹಿಸಬೇಕಾಗಿ ವಿನಂತಿ.